ಗಾಲ್ಫ್: ಪಟ್ 35ರಿಂದ 32ಕ್ಕೆ ಇಳಿದಿದೆ, ಸ್ಕೋರ್ ಮಾತ್ರ 94ರಲ್ಲೇ ಇದೆ. ಅಂಕಿಅಂಶದಲ್ಲಿ ಏನು ನೋಡಬೇಕು?

ತೊಂಬತ್ತರಾಚೆ

ಎಲ್ಲರಿಗೂ ನಮಸ್ಕಾರ. ಪಾರ್ 72 (18 ಹೋಲ್‌ಗೆ 72 ಹೊಡೆತದ ಗುರಿ) ಇರುವ ಗಾಲ್ಫ್ ಕೋರ್ಸ್‌ನಲ್ಲಿ ನನ್ನ ಸ್ಕೋರ್ 94ರ ಆಸುಪಾಸಿನಲ್ಲೇ ಸುತ್ತುತ್ತಿದೆ. ಪ್ರತಿ ರೌಂಡ್‌ನಲ್ಲೂ ಫೇರ್‌ವೇ (ನಡುವಿನ ಕತ್ತರಿಸಿದ ಹುಲ್ಲಿನ ದಾರಿ), ಗ್ರೀನ್ (ಕುಳಿ ಇರುವ ನುಣುಪಾದ ಹುಲ್ಲು), ಪಟ್ (ಗ್ರೀನ್ ಮೇಲೆ ಚೆಂಡು ಉರುಳಿಸುವ ಹೊಡೆತ) ಮೂರನ್ನೂ ಬರೆದಿಡುತ್ತೇನೆ. ಈಗಿನ ಸರಾಸರಿ ಹೀಗಿದೆ:

ಫೇರ್‌ವೇ: 14ಕ್ಕೆ 7
ಜಿಐಆರ್ (ಪಾರ್‌ಗೆ ಎರಡು ಪಟ್ ಉಳಿಯುವ ಹಾಗೆ ಗ್ರೀನ್ ತಲುಪಿದ ಹೋಲ್): 18ಕ್ಕೆ 3
ಪಟ್: 32

ಹೋದ ಸೀಸನ್‌ನಲ್ಲಿ ಪಟ್ 35 ಇತ್ತು, ಜಿಐಆರ್ 5 ಇತ್ತು. ಪಟ್ ಜಾಸ್ತಿ ಆಯ್ತು ಅನಿಸಿ ಅಭ್ಯಾಸದ ಸಮಯವನ್ನೆಲ್ಲ ಪಟಿಂಗ್ ಗ್ರೀನ್‌ಗೇ ಕೊಟ್ಟೆ. ಪಟ್ ಮೂರು ಕಡಿಮೆ ಆಯ್ತು. ಹಾಗಿದ್ದರೆ ಸ್ಕೋರ್ 91 ಆಗಬೇಕಿತ್ತು ಅಲ್ವಾ? ಆಗಲೂ 94, ಈಗಲೂ 94. ಆ ಮೂರು ಸ್ಟ್ರೋಕ್ ಎಲ್ಲಿ ಹೋದವು? ಬರೆದಿಡುವ ರೀತಿಯೇ ಸರಿಯಿಲ್ಲವೋ, ಆಟದಲ್ಲೇ ಏನೋ ಕೆಟ್ಟಿದೆಯೋ ಗೊತ್ತಾಗುತ್ತಿಲ್ಲ.

ಲೆಕ್ಕದ ಕಾರ್ಡ್

ನಮಸ್ಕಾರ. ನೀವು ಕೊಟ್ಟ ಅಂಕಿಗಳಲ್ಲೇ ಅರ್ಧ ಉತ್ತರ ಇದೆ. ಒಂದು ಕಳೆಯುವ ಲೆಕ್ಕ ಮಾಡೋಣ.

94ರಲ್ಲಿ 32 ಪಟ್ ತೆಗೆದರೆ 62. ಗ್ರೀನ್ ತಲುಪುವ ತನಕ ನೀವು ಖರ್ಚು ಮಾಡಿದ ಸ್ಟ್ರೋಕ್ ಅಷ್ಟು, ಪೆನಾಲ್ಟಿಯೂ ಸೇರಿ. ಹೋದ ಸೀಸನ್‌ನಲ್ಲಿ ಇದೇ ಲೆಕ್ಕ 94 ಕಳೆ 35, ಅಂದರೆ 59. ಪಟ್‌ನಲ್ಲಿ ಉಳಿದ ಮೂರೂ ಅಲ್ಲಿಗೇ ಹೋಗಿವೆ.

ಪಾರ್ 72 ಅಂದರೆ ಹೋಲ್‌ಗೆ ಎರಡರಂತೆ 36 ಪಟ್, ಉಳಿದ 36 ಗ್ರೀನ್ ತಲುಪೋಕೆ. ನೀವು 62 ತಗೊಳ್ಳುತ್ತಿದ್ದೀರಿ, 26 ಜಾಸ್ತಿ. ಪಟ್‌ನಲ್ಲಿ ನೀವು 36ಕ್ಕಿಂತ ನಾಲ್ಕು ಕಡಿಮೆಯೇ ಇದ್ದೀರಿ. ಸ್ಕೋರ್ ಇಳಿಸೋಕೆ ಜಾಗ ಇರುವುದು ಆ 26ರಲ್ಲಿ.

ಇನ್ನೊಂದು ವಿಷಯ ಬೇಸರ ತರಬಹುದು, ಆದರೂ ಹೇಳಲೇಬೇಕು. ನಿಮ್ಮ ಪಟಿಂಗ್ ಸುಧಾರಿಸಿದೆ ಅಂತ ಈ 32 ನೋಡಿ ಹೇಳೋಕೆ ಆಗುವುದಿಲ್ಲ. ಗ್ರೀನ್ ಸಿಕ್ಕಾಗ ಮೊದಲ ಪಟ್ 30 ಅಡಿಯಿಂದ ಇರಬಹುದು. ಗ್ರೀನ್ ತಪ್ಪಿ ಪಕ್ಕದಿಂದ ಚಿಪ್ (ಸಣ್ಣ ಹೊಡೆತ) ಮಾಡಿದಾಗ ಅದೇ ಪಟ್ 8 ಅಡಿಗೆ ಬರುತ್ತದೆ. ನಿಮ್ಮ ಜಿಐಆರ್ 5ರಿಂದ 3ಕ್ಕೆ ಇಳಿದಿದೆ, ಅಂದರೆ ಚಿಪ್ ಆದಮೇಲೆ ಹತ್ತಿರದಿಂದ ಪಟ್ ಮಾಡುವ ಹೋಲ್‌ಗಳು ಹೆಚ್ಚಾಗಿವೆ. ಪಟ್ ಕಡಿಮೆಯಾಗೋಕೆ ಅದೂ ಒಂದು ಕಾರಣ. ಮೊದಲ ಪಟ್ ಎಷ್ಟು ಅಡಿಯಿಂದ ಅಂತ ಬರೆಯದೆ ಇದ್ದರೆ ಎಷ್ಟು ಭಾಗ ಅಭ್ಯಾಸದ ಫಲ, ಎಷ್ಟು ಭಾಗ ಚಿಪ್‌ನ ಫಲ ಅಂತ ಬಿಡಿಸೋಕೆ ದಾರಿಯೇ ಇಲ್ಲ.

ಎರಡು ಪ್ರಶ್ನೆ. ಪೆನಾಲ್ಟಿ ಎಲ್ಲಾದರೂ ಬರೆದಿದ್ದೀರಾ? ಕೆಟ್ಟದಾಗಿ ಹೋದ ಒಂದು ಹೋಲ್ ಪೂರ್ತಿ ನೆನಪಿದ್ದರೆ ಹೊಡೆತ ಹೊಡೆತವಾಗಿ ಹಾಕುತ್ತೀರಾ?

ಹಳೇ ಪಟರ್

ನನಗೆ ಇದು ಒಪ್ಪಿಗೆಯಿಲ್ಲ. 94ರಲ್ಲಿ 32 ಪಟ್ ಅಂದರೆ ಮೂರನೇ ಒಂದು ಭಾಗ. ಒಂದೇ ಕ್ಲಬ್‌ನಿಂದ ಇಷ್ಟೊಂದು ಸ್ಟ್ರೋಕ್ ಹೋಗುತ್ತಿರುವಾಗ ಅದನ್ನು ಬಿಟ್ಟು ಬೇರೆಲ್ಲಿ ಹುಡುಕುವುದು? ಪಟಿಂಗ್‌ಗೆ ಬಲವೂ ಬೇಡ, ವಯಸ್ಸಿನ ಹಂಗೂ ಇಲ್ಲ. ಅಭ್ಯಾಸ ಮಾಡಿದವರಿಗೆಲ್ಲ ಬರುವ ವಿದ್ಯೆ ಅದು. ತೊಂಬತ್ತರಾಚೆ ಅವರೇ, ಪಟಿಂಗ್ ಮಾತ್ರ ಬಿಡಬೇಡಿ.

ಲೆಕ್ಕದ ಕಾರ್ಡ್

ಹಳೇ ಪಟರ್ ಅವರೇ, ಪಟಿಂಗ್ ಬಿಡಿ ಅಂತ ನಾನೂ ಹೇಳುವುದಿಲ್ಲ. ಆದರೆ ಮೂರನೇ ಒಂದು ಭಾಗ ಪಟ್ ಅಂದಮಾತ್ರಕ್ಕೆ ಇಬ್ಬರು ಆಟಗಾರರ ನಡುವಿನ ವ್ಯತ್ಯಾಸದಲ್ಲೂ ಅದರ ಪಾಲು ಅಷ್ಟೇ ಅಂತ ಆಗುವುದಿಲ್ಲ. ಆ 32ರಲ್ಲಿ ಎಷ್ಟೋ ಪಟ್ ಒಂದೆರಡು ಅಡಿಯವು. ಅವನ್ನು ಎಲ್ಲರೂ ಹಾಕುತ್ತಾರೆ.

ಕೊಲಂಬಿಯಾ ಬಿಸಿನೆಸ್ ಸ್ಕೂಲ್‌ನ ಪ್ರೊಫೆಸರ್ ಮಾರ್ಕ್ ಬ್ರಾಡಿ ಇದನ್ನೇ ಅಳೆದು ನೋಡಿದರು. ಅಮೆರಿಕದ ವೃತ್ತಿಪರ ಆಟಗಾರರ ಪಿಜಿಎ ಟೂರ್ ತನ್ನ ಶಾಟ್‌ಲಿಂಕ್ ವ್ಯವಸ್ಥೆಯಲ್ಲಿ ಪ್ರತಿ ಹೊಡೆತದ ಜಾಗವನ್ನೂ ಅಳೆದಿಡುತ್ತದೆ. ಆ ರಾಶಿಯ ಜೊತೆ ಹವ್ಯಾಸಿ ಆಟಗಾರರ ಹೊಡೆತಗಳನ್ನೂ ಅವರು ಸೇರಿಸಿಕೊಂಡರು. ಒಳ್ಳೆಯ ಆಟಗಾರನಿಗೂ ಸಾಧಾರಣ ಆಟಗಾರನಿಗೂ ಇರುವ ಅಂತರದಲ್ಲಿ ಸುಮಾರು ಮೂರನೇ ಎರಡು ಭಾಗ 100 ಯಾರ್ಡ್‌ಗಿಂತ ದೂರದ ಹೊಡೆತಗಳಿಂದ ಬರುತ್ತದೆ ಅಂತ ಕಂಡುಬಂತು. ಟೈಗರ್ ವುಡ್ಸ್ ಮಿಕ್ಕವರಿಗಿಂತ ಹೆಚ್ಚು ಮುಂದಿದ್ದದ್ದೂ ಅಪ್ರೋಚ್, ಅಂದರೆ ಗ್ರೀನ್ ಕಡೆಗೆ ಹೊಡೆಯುವ ಹೊಡೆತಗಳಲ್ಲೇ.

ಟೂರ್ ಆಟಗಾರರೇ 8 ಅಡಿಯ ಪಟ್ ಹಾಕುವುದು ಎರಡಕ್ಕೆ ಒಂದು. 20 ಅಡಿಯಿಂದ ನೂರಕ್ಕೆ ಹದಿನೈದರಷ್ಟು. 90ರ ಆಸುಪಾಸಿನ ಆಟಗಾರರಿಗೆ ಅರ್ಧಕ್ಕರ್ಧ ಬೀಳುವುದು ಸುಮಾರು 5 ಅಡಿಯಿಂದ. ಟೀವಿಯಲ್ಲಿ ಗೆಲ್ಲುವವರ ಪಟ್‌ಗಳನ್ನೇ ಮತ್ತೆ ಮತ್ತೆ ತೋರಿಸುವುದರಿಂದ ಅವರು ಎಲ್ಲವನ್ನೂ ಹಾಕುತ್ತಾರೆ ಅನಿಸುತ್ತದೆ, ಅಷ್ಟೇ.

ತೊಂಬತ್ತರಾಚೆ

ಕಳೆಯುವ ಲೆಕ್ಕ ನೋಡಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಇಷ್ಟು ಸರಳವಾಗಿ ಕಾಣುತ್ತದೆ ಅಂತ ಅಂದುಕೊಂಡಿರಲಿಲ್ಲ.

ಪೆನಾಲ್ಟಿಗೆ ನನ್ನ ಕಾರ್ಡ್‌ನಲ್ಲಿ ಜಾಗವೇ ಇಲ್ಲ. ಒಂದು ಹೋಲ್ ಚೆನ್ನಾಗಿ ನೆನಪಿದೆ. ಪಾರ್ 4, 400 ಯಾರ್ಡ್. ಡ್ರೈವರ್ (ದೂರ ಹೊಡೆಯುವ ಕ್ಲಬ್) ಹೊಡೆತ ಬಲಕ್ಕೆ ಹೋಗಿ ಓಬಿ, ಅಂದರೆ ಗಡಿಯಾಚೆ, ಒಂದು ಸ್ಟ್ರೋಕ್ ಪೆನಾಲ್ಟಿ. ಮತ್ತೆ ಟೀಯಿಂದ (ಹೋಲ್ ಶುರುವಾಗುವ ಜಾಗ) ಹೊಡೆದೆ, ಅದು ಫೇರ್‌ವೇಯಲ್ಲಿ 240 ಯಾರ್ಡ್ ಹೋಯಿತು. ಉಳಿದ 160 ಯಾರ್ಡ್‌ಗೆ 6 ಐರನ್ ಕ್ಲಬ್ ತಗೊಂಡೆ. ಶಾರ್ಟ್ ಆಗಿ ರಫ್‌ಗೆ (ಉದ್ದ ಹುಲ್ಲಿಗೆ) ಬಿತ್ತು, ಹೋಲ್‌ಗೆ 20 ಯಾರ್ಡ್ ಇತ್ತು. ಚಿಪ್ ಮಾಡಿದೆ, 6 ಅಡಿ ಉಳಿಯಿತು. ಪಟ್ ಒಂದೇ ಸಲಕ್ಕೆ ಬಿತ್ತು. ಒಟ್ಟು 6, ಡಬಲ್ ಬೋಗಿ (ಪಾರ್‌ಗಿಂತ ಎರಡು ಜಾಸ್ತಿ).

ಲೆಕ್ಕದ ಕಾರ್ಡ್

ಇದು ಬಹಳ ಒಳ್ಳೆಯ ಉದಾಹರಣೆ. ನಿಮ್ಮ ಕಾರ್ಡ್‌ನಲ್ಲಿ ಈ ಹೋಲ್‌ಗೆ ಬರೆದಿರುವುದು ಫೇರ್‌ವೇ ಇಲ್ಲ, ಗ್ರೀನ್ ಇಲ್ಲ, ಪಟ್ 1. ಓಬಿಯ ಸುದ್ದಿಯೇ ಇಲ್ಲ.

ಸ್ಟ್ರೋಕ್ಸ್ ಗೇನ್ಡ್ ರೀತಿಯಲ್ಲಿ ನೋಡೋಣ. ಪಿಜಿಎ ಟೂರ್ 2011ರಲ್ಲಿ ಇದನ್ನು ಪಟಿಂಗ್‌ಗೆ ಅಧಿಕೃತವಾಗಿ ತಂದಿತು, 2016ರಲ್ಲಿ ಟೀ, ಅಪ್ರೋಚ್, ಗ್ರೀನ್ ಸುತ್ತಲಿನ ಆಟಕ್ಕೂ ವಿಸ್ತರಿಸಿತು. ಯಾವುದೇ ಜಾಗದಿಂದ ಹೋಲ್ ಮುಗಿಸೋಕೆ ಟೂರ್ ಆಟಗಾರ ಸರಾಸರಿ ಎಷ್ಟು ಸ್ಟ್ರೋಕ್ ತಗೊಳ್ಳುತ್ತಾನೆ ಅಂತ ಒಂದು ಪಟ್ಟಿ ಇದೆ. ಹೊಡೆಯುವ ಮುಂಚಿನ ಅಂಕಿಯಿಂದ ಹೊಡೆದಮೇಲಿನ ಅಂಕಿ ಕಳೆಯಿರಿ. ಹೊಡೆದ ಸ್ಟ್ರೋಕ್‌ಗಾಗಿ ಇನ್ನೂ ಒಂದು ಕಳೆಯಿರಿ. ಉಳಿದದ್ದು ಆ ಹೊಡೆತದ ಲಾಭ ಅಥವಾ ನಷ್ಟ.

400 ಯಾರ್ಡ್ ಟೀಯಿಂದ ಅಂಕಿ 3.99. ಓಬಿ ಆದಮೇಲೂ ನೀವು ಅದೇ ಟೀಯಲ್ಲಿದ್ದೀರಿ, ಎರಡು ಸ್ಟ್ರೋಕ್ ಹೋಗಿದೆ. ನಷ್ಟ 2.00.
ಎರಡನೇ ಡ್ರೈವ್: 160 ಯಾರ್ಡ್ ಫೇರ್‌ವೇಯಿಂದ ಅಂಕಿ 2.98. 3.99ರಿಂದ 2.98, ಮತ್ತೆ 1 ಕಳೆದರೆ ಲಾಭ 0.01. ಅಂದರೆ ಟೂರ್ ಸರಾಸರಿಯ ಹೊಡೆತ!
6 ಐರನ್: ರಫ್‌ನಲ್ಲಿ 20 ಯಾರ್ಡ್‌ಗೆ 2.59. ನಷ್ಟ 0.61.
ಚಿಪ್: 6 ಅಡಿಗೆ 1.34. ಲಾಭ 0.25.
ಪಟ್: ಲಾಭ 0.34.

ಎಲ್ಲ ಕೂಡಿಸಿದರೆ ನಷ್ಟ 2.01. ಪರೀಕ್ಷೆ ಮಾಡಿ ನೋಡಿ, 3.99ರಲ್ಲಿ ನಿಮ್ಮ 6 ಕಳೆದರೂ ಅಷ್ಟೇ ಬರುತ್ತದೆ.

ಚಿಪ್ ಮತ್ತು ಪಟ್ ಎರಡರಲ್ಲೂ ನೀವು ಟೂರ್ ಸರಾಸರಿಗಿಂತ ಮೇಲಿದ್ದೀರಿ. ಕೊಟ್ಟದ್ದು ಒಂದು ಡ್ರೈವ್‌ನಲ್ಲಿ ಮತ್ತು ಒಂದು ಐರನ್‌ನಲ್ಲಿ. ಒಂದೇ ಹೋಲ್ ನೋಡಿ ತೀರ್ಪು ಕೊಡಬಾರದು, ನಿಜ. ಆದರೆ 62ರ ಲೆಕ್ಕವೂ ಅದೇ ಕಡೆ ಬೆರಳು ತೋರಿಸುತ್ತಿದೆ.

ಫೇರ್‌ವೇ ಎಣಿಕೆಯ ಕೊರತೆಯೂ ಇಲ್ಲೇ ಕಾಣುತ್ತದೆ. ಫೇರ್‌ವೇ ಒಂದು ಅಡಿಯಲ್ಲಿ ತಪ್ಪಿದರೂ ಒಂದು ಗೆರೆ, ಓಬಿ ಆದರೂ ಒಂದೇ ಗೆರೆ. ಮೊದಲನೆಯದಕ್ಕೆ ಬೆಲೆ ಹೆಚ್ಚೇನಿಲ್ಲ, ಎರಡನೆಯದಕ್ಕೆ ಎರಡು ಸ್ಟ್ರೋಕ್.

ಏಳನೇ ಐರನ್

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಹೊಸಬ. ಇದಕ್ಕೆಲ್ಲ ಸೆನ್ಸರ್, ಆ್ಯಪ್ ಬೇಕಾ? ಪ್ರತಿ ಹೊಡೆತಕ್ಕೂ ಫೋನ್ ತೆಗೆದರೆ ಆಟದ ಮೇಲೆ ಗಮನವೇ ಇರುವುದಿಲ್ಲ. ಆಟದ ಮಟ್ಟ ಹೇಳುವ ಹ್ಯಾಂಡಿಕ್ಯಾಪ್ ಇಂಡೆಕ್ಸ್ ನೋಡಿಕೊಂಡರೆ ಸಾಲದಾ?

ಲೆಕ್ಕದ ಕಾರ್ಡ್

ಬಾಯಿ ಹಾಕಿ, ಚರ್ಚೆ ಇರುವುದೇ ಅದಕ್ಕೆ.

ಹ್ಯಾಂಡಿಕ್ಯಾಪ್ ಸಾಲದು. 2020ರಿಂದ ಇರುವ ವರ್ಲ್ಡ್ ಹ್ಯಾಂಡಿಕ್ಯಾಪ್ ಸಿಸ್ಟಮ್‌ನಲ್ಲಿ ಕೊನೆಯ 20 ರೌಂಡ್‌ಗಳಲ್ಲಿ ಚೆನ್ನಾಗಿ ಹೋದ 8ನ್ನು ಮಾತ್ರ ಹಿಡಿಯುತ್ತಾರೆ. ಕೆಟ್ಟ ಹೋಲ್‌ಗೂ ನೆಟ್ ಡಬಲ್ ಬೋಗಿ (ಪಾರ್‌ಗಿಂತ ಎರಡು, ಜೊತೆಗೆ ಹ್ಯಾಂಡಿಕ್ಯಾಪ್‌ನಿಂದ ಸಿಗುವ ಸ್ಟ್ರೋಕ್) ಅನ್ನುವ ಮಿತಿ ಇದೆ. ನಿಮ್ಮ ಆಟ ಎಲ್ಲಿಯ ತನಕ ಹೋಗಬಲ್ಲದು ಅಂತ ತೋರಿಸೋಕೆ ಅದು ಬಹಳ ಒಳ್ಳೆಯದು. ಸ್ಟ್ರೋಕ್ ಎಲ್ಲಿ ಸೋರುತ್ತಿದೆ ಅಂತ ಅದರಲ್ಲಿ ಕಾಣುವುದಿಲ್ಲ. ದಾಖಲೆಗೆ ಮಿತಿಯ ಅಂಕಿ ಹೋದರೂ ನಿಮ್ಮ ಪುಸ್ತಕದಲ್ಲಿ ಹೊಡೆದಷ್ಟನ್ನೂ ಬರೆಯಿರಿ.

ಸೆನ್ಸರ್ ಬೇಡ. ಸ್ಕೋರ್‌ಕಾರ್ಡ್‌ನ ಖಾಲಿ ಸಾಲುಗಳು ಸಾಕು, ಹೋಲ್ ಮುಗಿದು ಮುಂದಿನ ಟೀಗೆ ನಡೆಯುವಾಗ ಬರೆಯಿರಿ. ಪೆನಾಲ್ಟಿ ಎಷ್ಟು, ಯಾವ ಕ್ಲಬ್‌ನಿಂದ. ಗ್ರೀನ್‌ಗೆ ಹೊಡೆದಾಗ ಎಷ್ಟು ಯಾರ್ಡ್ ಇತ್ತು, ಯಾವ ಕ್ಲಬ್, ಗ್ರೀನ್ ತಪ್ಪಿದ್ದರೆ ಯಾವ ಕಡೆ: ಶಾರ್ಟ್, ಲಾಂಗ್, ಎಡ, ಬಲ. ಮೊದಲ ಪಟ್ ಎಷ್ಟು ಹೆಜ್ಜೆ, ಅಡಿ ಮಾಡುವುದನ್ನು ಮನೆಯಲ್ಲಿ ಮಾಡಿಕೊಳ್ಳಬಹುದು. ಇಷ್ಟು ಇದ್ದರೆ ದಶಮಾಂಶದ ಲೆಕ್ಕ ಮಾಡದಿದ್ದರೂ ನಡೆಯುತ್ತದೆ.

ತೊಂಬತ್ತರಾಚೆ

ಕೆಲವು ರೌಂಡ್ ಆಡಿ ವಾಪಸ್ ಬಂದಿದ್ದೇನೆ. ನೀವು ಹೇಳಿದ ಹಾಗೇ ಬರೆದೆ.

ಪೆನಾಲ್ಟಿ ರೌಂಡ್‌ಗೆ ಸರಾಸರಿ 4 ಸ್ಟ್ರೋಕ್ ತಿನ್ನುತ್ತಿದೆ. ಹೆಚ್ಚುಕಡಿಮೆ ಎಲ್ಲವೂ ಡ್ರೈವರ್‌ನಿಂದ, ಎಲ್ಲವೂ ಬಲಕ್ಕೆ. 130ರಿಂದ 170 ಯಾರ್ಡ್ ನಡುವೆ ಗ್ರೀನ್ ತಪ್ಪಿದಾಗ ಮುಕ್ಕಾಲು ಪಾಲು ಶಾರ್ಟ್. ಎಡ, ಬಲ ಬಹಳ ಕಡಿಮೆ, ಲಾಂಗ್ ಅಂತೂ ಇಲ್ಲವೇ ಇಲ್ಲ. ಗುರಿ ಚೆನ್ನಾಗಿಲ್ಲ ಅಂತ ಇಷ್ಟು ದಿನ ಅಂದುಕೊಂಡಿದ್ದೆ. ನೋಡಿದರೆ ಗುರಿ ಸರಿಯಾಗಿಯೇ ಇದೆ!

ಅಭ್ಯಾಸದ ರೇಂಜ್‌ಗೆ ಹೋಗಿ 7 ಐರನ್‌ನ ಕ್ಯಾರಿ (ಚೆಂಡು ಗಾಳಿಯಲ್ಲಿ ಹೋಗುವ ದೂರ) ನೋಡಿಕೊಂಡೆ. ಚೆನ್ನಾಗಿ ತಾಗಿದರೆ 150. ಸಾಮಾನ್ಯವಾಗಿ ಬೀಳುವುದು 138ರ ಸುತ್ತ.

ಲೆಕ್ಕದ ಕಾರ್ಡ್

ಇದು ನಿಜಕ್ಕೂ ಖುಷಿಯ ಸುದ್ದಿ. ಸ್ವಿಂಗ್ ಮುಟ್ಟದೇ ಸರಿಮಾಡಬಹುದಾದ ಸಮಸ್ಯೆ ಸಿಕ್ಕಿದೆ.

150 ಅನ್ನುವುದು ನಿಮ್ಮ ಕೈಯ ಅತ್ಯುತ್ತಮ ಹೊಡೆತ. ಅದನ್ನೇ ನಂಬಿ ಕ್ಲಬ್ ತೆಗೆದರೆ ಮಿಕ್ಕ ಹೊಡೆತಗಳೆಲ್ಲ ಶಾರ್ಟ್ ಆಗಲೇಬೇಕು. ಗ್ರೀನ್‌ಗಳ ಮುಂದೆ ಬಂಕರ್ (ಮರಳಿನ ಗುಂಡಿ) ಇರುವುದು ಎಷ್ಟು ಸಾಮಾನ್ಯ ಅಂತ ನಿಮಗೂ ಗೊತ್ತು. ಇನ್ನು ಮುಂದೆ ಎರಡು ನಿಯಮ. ಒಂದು, 7 ಐರನ್ ಅಂದರೆ 138. ಬೇರೆ ಕ್ಲಬ್‌ಗಳಿಗೂ ಹೀಗೇ ನಿಜವಾದ ಕ್ಯಾರಿ ಬರೆದು ಬ್ಯಾಗ್‌ಗೆ ಅಂಟಿಸಿ. ಎರಡು, ಪಿನ್ (ಕುಳಿಯ ಕಂಬ) ಮುಂದಿದ್ದರೂ ಗ್ರೀನ್‌ನ ಮಧ್ಯಕ್ಕೆ ಎಷ್ಟು ದೂರ ಅಂತ ನೋಡಿ ಅದಕ್ಕೆ ಕ್ಲಬ್ ತೆಗೆಯಿರಿ.

ಡ್ರೈವರ್ ಬಗ್ಗೆ: ಬಲಗಡೆ ಓಬಿ ಅಥವಾ ನೀರಿರುವ ಹೋಲ್‌ಗಳನ್ನು ಮಾತ್ರ ಗುರುತು ಮಾಡಿ. ಅಲ್ಲಿ ಫೇರ್‌ವೇಯ ಎಡ ಅಂಚಿಗೆ ಗುರಿ ಇಡಿ. ಆಗಲೂ ಚೆಂಡು ಬಲಗಡೆ ತೊಂದರೆಗೆ ಹೋಗುತ್ತಿದ್ದರೆ ಆ ಹೋಲ್‌ನಲ್ಲಿ ಬೇರೆ ಕ್ಲಬ್. ಎಲ್ಲ ಹೋಲ್‌ನಲ್ಲೂ ಡ್ರೈವರ್ ಬಿಡಬೇಡಿ. ದೂರ ಹೋಗುವುದೂ ಸ್ಟ್ರೋಕ್ ಉಳಿಸುತ್ತದೆ, ತೆರೆದ ಹೋಲ್‌ನಲ್ಲಿ ಅದನ್ನು ಸುಮ್ನೆ ಬಿಟ್ಟುಕೊಡಬಾರದು.

ಹಳೇ ಪಟರ್

ಈ ಪಟ್ಟಿ ನೋಡಿದಮೇಲೆ ನನ್ನ ಮಾತು ಸ್ವಲ್ಪ ಬದಲಿಸುತ್ತೇನೆ. ಇವರ ವಿಷಯದಲ್ಲಿ ಡ್ರೈವರ್ ಮೊದಲು. ಆದರೂ ಕೇಳುತ್ತೇನೆ, ಮೂರು ಪಟ್ ಆಗುವ ಹೋಲ್‌ಗಳು ಎಷ್ಟು? ಅವು ಪಟಿಂಗ್‌ನ ದೋಷವೇ ಅಲ್ವಾ?

ತೊಂಬತ್ತರಾಚೆ

ರೌಂಡ್‌ಗೆ ಎರಡರ ಹತ್ತಿರ. ಬರೆದದ್ದು ನೋಡಿದರೆ ಮೊದಲ ಪಟ್ ಬಹುತೇಕ 40 ಅಡಿಗಿಂತ ದೂರದಿಂದ.

ಲೆಕ್ಕದ ಕಾರ್ಡ್

ಒಳ್ಳೆಯ ಪ್ರಶ್ನೆ. 33 ಅಡಿಯ ಸುಮಾರಿಗೆ ಟೂರ್ ಸರಾಸರಿಯೇ 2 ಪಟ್, ಅದರಾಚೆ ಎರಡಕ್ಕಿಂತ ಹೆಚ್ಚು. ಹಾಗಾಗಿ 40 ಅಡಿಯಿಂದ ಮೂರು ಆದರೆ ಅದರಲ್ಲಿ ಅಪ್ರೋಚ್‌ನ ಪಾಲೂ ಇದೆ. ಉಳಿದ ಪಾಲು ವೇಗದ್ದು. ಹಳೇ ಪಟರ್ ಅವರ ಅನುಭವ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಪಟಿಂಗ್ ಅಭ್ಯಾಸದ ಹೊತ್ತನ್ನು ಎರಡು ಭಾಗ ಮಾಡಿ. ಒಂದು ಭಾಗ 40 ಅಡಿಯಿಂದ, ಚೆಂಡು 3 ಅಡಿ ಒಳಗೆ ನಿಲ್ಲಬೇಕು. ಇನ್ನೊಂದು ಭಾಗ 4ರಿಂದ 6 ಅಡಿಯವು. ನಡುವಿನ 15, 20 ಅಡಿಯವನ್ನು ಸದ್ಯಕ್ಕೆ ಬಿಟ್ಟುಬಿಡಿ.

ಉಳಿದ ಸಮಯ ರೇಂಜ್‌ಗೆ. 5ರಿಂದ 8 ಐರನ್, ಪ್ರತಿ ಹೊಡೆತಕ್ಕೂ ಗುರಿ ಬದಲಿಸಿ.

ಒಂದೆರಡು ರೌಂಡ್‌ನಲ್ಲಿ ಸ್ಕೋರ್ ಮೇಲೆ ಕೆಳಗೆ ಆಗುತ್ತದೆ, ಅದನ್ನು ಹಿಡಿದು ಯೋಜನೆ ಬದಲಿಸಬೇಡಿ. ಎಂಟು ಹತ್ತು ರೌಂಡ್ ಆದಮೇಲೆ ಮೂರೇ ಅಂಕಿ ಹಾಕಿ: ಪೆನಾಲ್ಟಿ, ಶಾರ್ಟ್ ಆದದ್ದರ ಪಾಲು, ಮತ್ತೆ ಆ 62. ಪಟ್ ಒಂದೆರಡು ಜಾಸ್ತಿ ಆಗಿದ್ದರೆ ಗಾಬರಿ ಬೇಡ. ಗ್ರೀನ್ ಜಾಸ್ತಿ ಸಿಗೋಕೆ ಶುರುವಾದಾಗ ಹಾಗೆ ಆಗುತ್ತದೆ.