ಹೋಮ್‌ನಿಂದ ಬಂದ ಹುಡುಗನಿಗೆ ಐಟಿಐ ಸೀಟು: ಹಳೆ ಕೇಸು ಅಡ್ಡ ಬರುತ್ತದಾ?

ಬದಿಯಡ್ಕದ ಮಾವ:
ನನ್ನ ಅಕ್ಕನ ಮಗನಿಗೆ ಈಗ 17. ಬೈಕ್ ಕದ್ದ ಕೇಸಿನಲ್ಲಿ ಸ್ಪೆಷಲ್ ಹೋಮ್‌ನಲ್ಲಿದ್ದು (ತಪ್ಪು ಮಾಡಿದ ಮಕ್ಕಳನ್ನು ಇಟ್ಟು ತಿದ್ದುವ ಜಾಗ) ಈಚೆಗೆ ಮನೆಗೆ ಬಂದಿದ್ದಾನೆ. ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾನೆ. ಹೋಮ್‌ನಲ್ಲಿ ಎಲ್ಲವೂ ಮಲಯಾಳದಲ್ಲೇ, ಕೌನ್ಸೆಲಿಂಗ್ ಕೂಡ. ಅರ್ಥವಾದರೂ ಇವನು ಬಾಯಿ ಬಿಡುತ್ತಿರಲಿಲ್ಲವಂತೆ. ಮನೆಯಲ್ಲೂ ಹಾಗೇ ಕೂತಿರುತ್ತಾನೆ. ಮೊನ್ನೆ ತೋಟದ ಪಂಪ್ ಕೆಟ್ಟಾಗ ಮಾತ್ರ ತಾನಾಗಿ ಬಂದು ಬಿಚ್ಚಿದ, ವಾಷರ್ ಬದಲಿಸಿದ, ನೀರು ಬಂತು. ಅವತ್ತು ಊಟಕ್ಕೆ ಕೂತಾಗ ಪಂಪಿನ ವಿಷಯವೇ ಮಾತು!

ಅದಕ್ಕೇ ಕಾಸರಗೋಡಿನ ಐಟಿಐಗೆ ಸೇರಿಸುವ ಅಂತ ನನಗೆ ಆಸೆ. ಆದರೆ ಪೊಲೀಸ್ ಸರ್ಟಿಫಿಕೇಟ್ ಕೇಳಿದರೆ ಎಲ್ಲ ಹೊರಗೆ ಬರುತ್ತದೆ ಅಂತ ಊರಿನವರೊಬ್ಬರು ಅಕ್ಕನನ್ನು ಹೆದರಿಸಿದ್ದಾರೆ. ಅವಳಿಗೆ ರಾತ್ರಿ ನಿದ್ದೆ ಇಲ್ಲ. ಇದು ನಿಜವಾ?

ವಿದ್ಯಾನಗರದ ವಕೀಲೆ:
ಅಕ್ಕನಿಗೆ ಧೈರ್ಯ ಹೇಳಿ ಅಣ್ಣ. 2015ರ ಬಾಲ ನ್ಯಾಯ ಕಾಯಿದೆಯ 74ನೇ ಸೆಕ್ಷನ್ ಪ್ರಕಾರ, ಮುಗಿದ ಕೇಸಿನ ದಾಖಲೆಯನ್ನು ಪೊಲೀಸರು ನಡತೆ ಸರ್ಟಿಫಿಕೇಟಿಗಾಗಿ ಕೂಡ ಹೊರಗೆ ಕೊಡುವಂತಿಲ್ಲ. ತಪ್ಪು ಸಾಬೀತಾಗಿದ್ದರೂ ಓದಿಗೆ, ಕೆಲಸಕ್ಕೆ ಅದರಿಂದ ಅನರ್ಹತೆ ಬರುವುದಿಲ್ಲ ಅಂತ 24ನೇ ಸೆಕ್ಷನ್ ಹೇಳುತ್ತದೆ. 16 ದಾಟಿದವರನ್ನು ಘೋರ ಅಪರಾಧಕ್ಕೆ ದೊಡ್ಡವರ ಹಾಗೆ ವಿಚಾರಣೆ ಮಾಡಿದ್ದರೆ ಮಾತು ಬೇರೆ. ಬೈಕ್ ಕಳವು ಆ ಸಾಲಿಗೆ ಬರುವುದಿಲ್ಲ. 2019ರಲ್ಲಿ ಸಿಐಎಸ್‌ಎಫ್ (ಕೇಂದ್ರ ಕೈಗಾರಿಕಾ ಭದ್ರತಾ ಪಡೆ) ನೇಮಕಾತಿಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಇಂಥ ಹಳೆ ಕೇಸು ಹಿಡಿದು ಕೆಲಸ ತಪ್ಪಿಸಬಾರದು ಅಂದಿದೆ.

ಫಾರ್ಮಿನಲ್ಲಿ ಕೇಳದ್ದನ್ನು ನೀವಾಗಿ ಬರೆಯಬೇಡಿ. ಅವನ ಕೇಸು ನಡೆಸಿದ ಬಾಲ ನ್ಯಾಯ ಬೋರ್ಡಿನ ಆದೇಶದ ಪ್ರತಿ ಮನೆಯಲ್ಲಿರಲಿ. ಯಾರಾದರೂ ತಕರಾರು ಮಾಡಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಮಕ್ಕಳಿಗೆ ಅಲ್ಲಿ ವಕೀಲರು ಉಚಿತ. ಆ ಊರಿನವರ ಬಾಯಿಗೂ ಸ್ವಲ್ಪ ಬೀಗ ಹಾಕಿಸಿ. ಹುಡುಗನ ಗುರುತು ಬಯಲು ಮಾಡುವುದೇ ಅಪರಾಧ.

ಪೆರ್ಲ ಗ್ಯಾರೇಜ್:
ಕಾನೂನು ಸರಿ. ಆದರೆ ಸೀಟು ಸಿಗುವವರೆಗೆ ಅವನನ್ನು ಸುಮ್ನೆ ಮನೆಯಲ್ಲಿ ಕೂರಿಸಬೇಡಿ ಮಾರಾಯ್ರೆ. ಹಳೆ ದೋಸ್ತಿಗಳು ಕರೆಯಲು ಬರುವುದೇ ಆಗ. ನನ್ನಲ್ಲಿ ಇಂಥ ಒಬ್ಬ ಹುಡುಗ ಕೆಲಸ ಕಲಿತ. ಗಿರಾಕಿಯೊಬ್ಬರು ಬಂದು "ಇವನನ್ನು ಯಾಕೆ ಇಟ್ಟುಕೊಂಡ್ರಿ" ಅಂತ ಅವನ ಎದುರೇ ಕೇಳಿದ್ದರು. ಕಾರ್ಬ್ಯುರೇಟರ್ ಬಿಚ್ಚುತ್ತಿದ್ದ ಅವನ ಕೈ ನಿಂತುಬಿಟ್ಟಿತು. ಆ ಗಿರಾಕಿಗೆ ಬೇರೆ ಗ್ಯಾರೇಜ್ ನೋಡಿಕೊಳ್ಳಿ ಅಂದೆ. ನಿಮ್ಮ ಹುಡುಗನನ್ನು ಕಳಿಸಿ, ಸಂಬಳ ಅವನ ಕೈಗೇ ಕೊಡುತ್ತೇನೆ.

ಬದಿಯಡ್ಕದ ಮಾವ:
ಇಬ್ಬರಿಗೂ ತುಂಬ ಉಪಕಾರ. ಅಕ್ಕನಿಗೆ ಓದಿ ಹೇಳಿದೆ, 74ನೇ ಸೆಕ್ಷನ್ನಿನ ಮಾತನ್ನು ಎರಡು ಸಲ ಓದಿಸಿದಳು. ಸೋಮವಾರ ಪೆರ್ಲಕ್ಕೆ ಕರೆದುಕೊಂಡು ಬರುತ್ತೇನೆ. ಮೊದಲು ತುಳುವಿನಲ್ಲೇ ಮಾತಾಡಿಸಿ ಅಣ್ಣ, ಉತ್ತರ ಕೊಟ್ಟಾನು.