ಆರೆಂಜ್ ವೈರ್ ಕತ್ತರಿಸಿದ ಮೇಲೆ ನೆಟ್‌ವರ್ಕ್ ಸ್ವಿಚ್ಚಿನ ಲೈಟೇ ಬರ್ತಿಲ್ಲ

ಪ್ರಶ್ನೆ: ಸರ್, ಸಿದ್ದಾಪುರದ ಹತ್ತಿರ ನಮ್ಮ ಕಾಫಿ ತೋಟ. ಕಣಕ್ಕೂ ಗೋಡೌನಿಗೂ ಸೇರಿ ಆರು ಕ್ಯಾಮೆರಾ ಹಾಕಿಸಿದ್ದೇವೆ. ಯಾರೂ ಫೋನಿನಲ್ಲಿ ನೋಡದಿದ್ದರೂ ಎನ್‌ವಿಆರ್ (ಕ್ಯಾಮೆರಾ ರೆಕಾರ್ಡ್ ಮಾಡೋ ಪೆಟ್ಟಿಗೆ) ರಾತ್ರಿಯಿಡೀ ಹೊರಗೆ ಏನೋ ಕಳಿಸ್ತಾ ಇದೆ. ಹಳೇ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ನೋಡೋಣ ಅಂತ ಹೊರಟೆ. ಅದು ತಾನಾಗಿ ಏನೂ ಕಳಿಸಬಾರದಲ್ಲ, ಅದಕ್ಕೆ ಲ್ಯಾಪ್‌ಟಾಪ್‌ನ ನೆಟ್‌ವರ್ಕ್ ಕೇಬಲ್ಲಿನ ಬಿಳಿ-ಆರೆಂಜ್, ಆರೆಂಜ್ ಎರಡೂ ಕತ್ತರಿಸಿ ಸ್ವಿಚ್ಚಿಗೆ ಹಾಕಿದೆ. ಲೈಟೇ ಇಲ್ಲ.

ಉತ್ತರ: ಬರೋದಿಲ್ಲ. ಆಚೆಯಿಂದ ಲಿಂಕ್ ಪಲ್ಸ್ (ನಾನಿದ್ದೇನೆ ಅನ್ನೋ ಸಂಕೇತ) ಬಂದರೆ ಮಾತ್ರ ಸ್ವಿಚ್ ಪೋರ್ಟ್ ತೆರೆಯುತ್ತದೆ. ನೀವು ಕತ್ತರಿಸಿದ್ದು ಆ ಪಲ್ಸ್ ಹೋಗುವ ದಾರಿಯನ್ನೇ. ಲೈಟ್ ಬಂದಿದ್ದರೂ ಲಾಭವಿರಲಿಲ್ಲ. ಎನ್‌ವಿಆರ್ ರೌಟರಿಗೆ ಕಳಿಸಿದ್ದನ್ನು ಸ್ವಿಚ್ ನಿಮ್ಮ ಪೋರ್ಟಿಗೆ ಕೊಡೋದಿಲ್ಲ. ಹಿಂದಿನ ಹಬ್ ಎಲ್ಲರಿಗೂ ಹಂಚುತ್ತಿತ್ತು, ಅದರ ಕಾಲ ಮುಗಿಯಿತು.

ಎನ್‌ವಿಆರ್‌ನಿಂದ ಹೊರಡುವ ಕೇಬಲ್ಲಿಗೇ ಕಿವಿ ಕೊಡಬೇಕು. ಇದಕ್ಕೆ ಪ್ಯಾಸಿವ್ ಟ್ಯಾಪ್ ಅಂತಾರೆ. ಎರಡು ಜ್ಯಾಕ್ ನಡುವೆ ಎಂಟೂ ವೈರ್ ನೇರ ಹೋಗಲಿ. ಎನ್‌ವಿಆರ್ ಸಾಮಾನ್ಯವಾಗಿ ಕಳಿಸೋದು 1, 2ನೇ ಪಿನ್ನಿನಲ್ಲಿ, ಅಂದರೆ ಅದೇ ಆರೆಂಜ್ ಜೋಡಿ. ಅಲ್ಲಿಂದ ಕವಲು ತೆಗೆದು ಲ್ಯಾಪ್‌ಟಾಪಿಗೆ ಹೋಗೋ ಮೂರನೇ ಜ್ಯಾಕಿನ 3, 6ಕ್ಕೆ ಕೂರಿಸಿ. ಉಳಿದ ಪಿನ್ ಖಾಲಿ ಬಿಡಿ. ಲ್ಯಾಪ್‌ಟಾಪ್ ಎಷ್ಟೇ ಕಿರುಚಿದರೂ ಅದರ 1, 2ಕ್ಕೆ ಎದುರು ವೈರೇ ಇಲ್ಲ. ಕವಲಿನ ಕೇಬಲ್ ಗಿಡ್ಡವಾಗಿರಲಿ. ಏನೂ ಕಾಣದಿದ್ದರೆ ಕವಲನ್ನು ಹಸಿರು ಜೋಡಿಯಿಂದ ತೆಗೆದು ನೋಡಿ. ಈಗಿನ ಪೋರ್ಟುಗಳು ಜೋಡಿ ಅದಲುಬದಲು ಮಾಡಿಕೊಳ್ಳುತ್ತವೆ.

ಇದೆಲ್ಲ 100 ಎಂಬಿಪಿಎಸ್‌ವರೆಗಷ್ಟೇ. ಗಿಗಾಬಿಟ್‌ನಲ್ಲಿ ನಾಲ್ಕು ಜೋಡಿಯಲ್ಲೂ ಏಕಕಾಲಕ್ಕೆ ಹೋಗೋದು ಬರೋದು ಎರಡೂ ನಡೆಯುತ್ತದೆ, ಬೇರ್ಪಡಿಸೋಕಾಗಲ್ಲ. ಹಳೇ 100ರ ಸ್ವಿಚ್ ಇದ್ದರೆ ರೌಟರಿಗೂ ಟ್ಯಾಪಿಗೂ ನಡುವೆ ಹಾಕಿ, ಎನ್‌ವಿಆರ್ ತಾನೇ 100ಕ್ಕೆ ಇಳಿಯುತ್ತದೆ. ಕ್ಯಾಮೆರಾ ಕೇಬಲ್ಲಿಗೆ ಮಾತ್ರ ಕೈ ಹಾಕಬೇಡಿ, ಅದರಲ್ಲಿ ಪಿಒಇ, ಅಂದರೆ ಕೇಬಲ್ಲಿನಲ್ಲೇ ಕ್ಯಾಮೆರಾಕ್ಕೆ ಹೋಗೋ ಕರೆಂಟ್, ಸುಮಾರು 48 ವೋಲ್ಟ್ ಓಡ್ತಿರುತ್ತದೆ.

ಪ್ರಶ್ನೆ: ಇಷ್ಟು ಕಷ್ಟ ಯಾಕೆ ಅಣ್ಣ, ಒಂದು ಪೋರ್ಟಿನದರ ನಕಲನ್ನು ಇನ್ನೊಂದಕ್ಕೆ ಕೊಡೋ ಮಿರರ್ ಪೋರ್ಟ್ ಸಾಕಲ್ವಾ?

ಉತ್ತರ: ಮ್ಯಾನೇಜ್ಡ್ ಸ್ವಿಚ್ (ಸೆಟ್ಟಿಂಗ್ ಬದಲಿಸಬಹುದಾದ್ದು) ಇದ್ದರೆ ಧಾರಾಳವಾಗಿ ಸಾಕು, ನಾನೂ ಅದನ್ನೇ ಮಾಡೋದು. ಅದಕ್ಕೆ ಸೇರಿಸಿದ ಲ್ಯಾಪ್‌ಟಾಪ್ ಪೋರ್ಟಿಗೆ ಐಪಿ (ನೆಟ್‌ವರ್ಕ್ ವಿಳಾಸ) ಕೊಡಬೇಡಿ, ತಾನಾಗಿ ಏನಾದರೂ ಕಳಿಸೋ ಐಪಿವಿ6 ಮತ್ತು ಎಆರ್‌ಪಿ ಆಫ್ ಮಾಡಿ. ಲ್ಯಾಪ್‌ಟಾಪ್ ವೈಫೈ ಕೂಡ. ಹೋಗಿಬರೋದನ್ನು ತೋರಿಸೋ ಟಿಸಿಪಿಡಂಪ್ ಕಮಾಂಡಿಗೆ ಮೈನಸ್ ಎನ್ (-n) ಹಾಕಿ, ಇಲ್ಲದಿದ್ದರೆ ಐಪಿ ಹೆಸರು ಹುಡುಕೋಕೆ ಡಿಎನ್‌ಎಸ್ ಕೇಳ್ತಾ ಕೂರುತ್ತದೆ.

ಇನ್ನೊಬ್ಬರು: ನಮ್ಮ ಹೋಮ್‌ಸ್ಟೇ ವೈಫೈಗೂ ಹಾಕಬಹುದಾ ಸರ್?

ಉತ್ತರ: ಅತಿಥಿಗಳದ್ದು ನೋಡೋಕಾ? ಬೇಡ. ಅವರಿಗೆ ಹೇಳದೆ ನೋಡಿದರೆ ತಪ್ಪು. ಮೇಲಾಗಿ ಹೆಚ್ಚಿನದೆಲ್ಲ ಎನ್‌ಕ್ರಿಪ್ಟ್ ಆಗಿರುತ್ತದೆ, ಎಲ್ಲಿಗೆ ಎಷ್ಟು ಹೋಯಿತು ಅಂತಷ್ಟೇ ಕಾಣೋದು.

ಮೊದಲು ಕೇಳಿದವರು: ಸಿಕ್ಕಿತು ಸರ್! ಹಸಿರು ಜೋಡಿಯಲ್ಲೇ ಇತ್ತು. ಎಲ್ಲಾ ಒಂದೇ ವಿಳಾಸಕ್ಕೆ. ಎನ್‌ವಿಆರ್‌ನ ಪಿ2ಪಿ (ಹೊರಗಿನಿಂದ ಫೋನಿನಲ್ಲಿ ನೋಡೋ ಸೌಲಭ್ಯ) ಆಫ್ ಮಾಡಿದೆ, ನಿಂತಿತು. ಆದರೆ ಮೈಸೂರಲ್ಲಿರೋ ಮಗಳಿಗೆ ಈಗ ಕಣ ಕಾಣ್ತಿಲ್ಲವಂತೆ.

ಉತ್ತರ: ಹೊರಗಿನಿಂದ ನಿಮ್ಮ ನೆಟ್‌ವರ್ಕಿಗೆ ಸುರಕ್ಷಿತವಾಗಿ ಬರೋ ದಾರಿ, ಅಂದರೆ ವಿಪಿಎನ್ ಹಾಕಬೇಕು. ರೌಟರ್ ಮಾಡೆಲ್ ಯಾವುದು?