ಸಾಲು ಮುಗಿಯುವ ಮೊದಲೇ ಉಸಿರು ಸಾಲದೆ ಹೋಗುತ್ತಿದೆ, ಏನು ಮಾಡಲಿ?

ಹೊಸದನಿ:
ಹಾಡಲು ಕಲಿಯುತ್ತಾ 2 ವರ್ಷ ಆಯಿತು. ಉದ್ದನೆಯ ಸಾಲು ಬಂತೆಂದರೆ ಈಗಲೂ ಭಯ. ಮೊದಲೇ ಎದೆ ತುಂಬ ಗಾಳಿ ಎಳೆದುಕೊಂಡಿರುತ್ತೇನೆ, ಆದರೂ ಕೊನೆಯ ಎರಡು ಪದಕ್ಕೆ ಬರುವಷ್ಟರಲ್ಲಿ ಗಂಟಲು ಬಿಗಿಯುತ್ತದೆ, ಶ್ರುತಿಯೂ ಇಳಿಯುತ್ತದೆ. ಇನ್ನೂ ಜಾಸ್ತಿ ಗಾಳಿ ತುಂಬಿಕೊಳ್ಳುವ ಅಭ್ಯಾಸ ಮಾಡಬೇಕಾ? 'ಹೊಟ್ಟೆಯಿಂದ ಉಸಿರಾಡು' ಅಂತ ಎಲ್ಲರೂ ಹೇಳುತ್ತಾರೆ. ಗಾಳಿ ಹೋಗುವುದು ಶ್ವಾಸಕೋಶಕ್ಕೆ ಅಲ್ವಾ?

ಮಂದ್ರ:
ಜಾಸ್ತಿ ಬೇಡ, ಕಡಿಮೆ ಎಳೆದುಕೊಳ್ಳಿ. ಶ್ವಾಸಕೋಶ ಬಲೂನಿನ ಹಾಗೆ, ಪೂರ್ತಿ ಹಿಗ್ಗಿದರೆ ತಾನೇ ಕುಗ್ಗಲು ನೋಡುತ್ತದೆ. ಆ ಒತ್ತಡವೆಲ್ಲ ಧ್ವನಿತಂತುಗಳ ಕೆಳಗೆ ಬಂದು ನಿಲ್ಲುತ್ತದೆ, ಅದನ್ನು ತಡೆಯಲು ಗಂಟಲು ಬಿಗಿಯುತ್ತದೆ. ಇನ್ನೊಂದು ವಿಷಯ, 'ಉಸಿರು ಬೇಕು' ಅನ್ನಿಸುವುದು ಹೆಚ್ಚಾಗಿ ಆಮ್ಲಜನಕ ಕಡಿಮೆಯಾಗಿ ಅಲ್ಲ, ಇಂಗಾಲದ ಡೈಆಕ್ಸೈಡ್ ಸೇರಿಕೊಂಡು. ಹಳೆಯ ಗಾಳಿ ಹೊರಗೆ ಹೋಗದೆ ಅದರ ಮೇಲೆಯೇ ಹೊಸದನ್ನು ತುಂಬುತ್ತಾ ಹೋದರೆ, ಒಳಗೆ ಬೇಕಾದಷ್ಟು ಗಾಳಿ ಇದ್ದರೂ ಉಸಿರು ಕಟ್ಟಿದ ಹಾಗೆ ಆಗುತ್ತದೆ.

ಹೊಟ್ಟೆಯ ಮಾತಿಗೆ ಬಂದರೆ, ಶ್ವಾಸಕೋಶದ ಕೆಳಗೆ ಗುಮ್ಮಟದ ಆಕಾರದ ಸ್ನಾಯು ಇದೆ, ವಪೆ ಅಂತ. ಉಸಿರು ಎಳೆದಾಗ ಅದು ಕೆಳಗಿಳಿದು ಹೊಟ್ಟೆಯ ಅಂಗಗಳನ್ನು ಒತ್ತುತ್ತದೆ, ಅದಕ್ಕೇ ಹೊಟ್ಟೆ ಮುಂದೆ ಬರುವುದು. ಹೊಟ್ಟೆಯನ್ನು ಒಳಗೆ ಎಳೆದು ಹಿಡಿದು ನಿಂತರೆ ಅದಕ್ಕೆ ಇಳಿಯಲು ಜಾಗವೇ ಇರುವುದಿಲ್ಲ, ಆಗ ಭುಜ ಮೇಲೇಳುತ್ತದೆ.

ತಂಬೂರಿ:
ನನಗೆ ದಾರಿ ತೋರಿಸಿದ್ದು ಒಂದೇ ಅಭ್ಯಾಸ. ಬೆನ್ನ ಮೇಲೆ ಮಲಗಿ, ಒಂದು ಕೈ ಹೊಟ್ಟೆಯ ಮೇಲಿರಲಿ. 'ಸ್‌ಸ್‌ಸ್' ಅಂತ ನಿಧಾನವಾಗಿ ಗಾಳಿ ಬಿಡಿ, ಸಾಕು ಅನ್ನಿಸುವವರೆಗೆ. ಆಮೇಲೆ ಎಳೆದುಕೊಳ್ಳಬೇಡಿ, ಸುಮ್ನೆ ಹೊಟ್ಟೆ ಸಡಿಲ ಬಿಡಿ. ಗಾಳಿ ತಾನಾಗಿ ಒಳಗೆ ಬರುತ್ತದೆ! ಸುಮ್ಮನೆ ಕೂತಿದ್ದಾಗ ಒಂದು ಉಸಿರಿಗೆ ಒಳಗೆ ಹೋಗುವುದು ಸುಮಾರು ಅರ್ಧ ಲೀಟರ್ ಮಾತ್ರ, ಚಿಕ್ಕ ಸಾಲಿಗೆ ಅದಕ್ಕಿಂತ ತುಂಬಾ ಹೆಚ್ಚೇನೂ ಬೇಕಾಗುವುದಿಲ್ಲ. ತಲೆ ಸುತ್ತಿದರೆ ಮಾತ್ರ ಕೂಡಲೇ ನಿಲ್ಲಿಸಿ.

ಸ್ವರಜತೆ:
ಮೇಲಿನದೆಲ್ಲ ಸರಿ, ಆದರೆ ಹೊಟ್ಟೆಯನ್ನು ಬೇಕಂತಲೇ ಮುಂದೆ ತಳ್ಳಬೇಡಿ. ನಾನು ಒಂದು ವರ್ಷ ಅದನ್ನೇ ಮಾಡಿ ದನಿಯನ್ನು ಗಡುಸು ಮಾಡಿಕೊಂಡೆ, ಬಿಡಿಸಿಕೊಳ್ಳಲು ಅದಕ್ಕಿಂತ ಜಾಸ್ತಿ ಕಾಲ ಹಿಡಿಯಿತು. ಕೆಳಗಿನ ಪಕ್ಕೆಲುಬುಗಳ ಮೇಲೆ ಎರಡೂ ಕೈ ಇಟ್ಟು ನೋಡಿ, ಅವೂ ಪಕ್ಕಕ್ಕೆ ಅರಳಬೇಕು. ಹಾಡುವಾಗ ಅವು ಒಮ್ಮೆಲೇ ಕುಸಿಯದ ಹಾಗೆ ನೋಡಿಕೊಂಡರೆ ಗಾಳಿ ನಿಧಾನವಾಗಿ ಖರ್ಚಾಗುತ್ತದೆ. ಸಾಲುಗಳ ನಡುವೆ ಸಮಯ ಇಲ್ಲದಿದ್ದರೆ ಬಾಯಿಯಿಂದಲೇ ತೆಗೆದುಕೊಳ್ಳಿ, ತಪ್ಪೇನಿಲ್ಲ. ಎಳೆಯುವಾಗ ಸದ್ದು ಬಂದರೆ ಗಂಟಲು ಕಿರಿದಾಗಿದೆ ಅಂತ ಅರ್ಥ.

ಹೊಸದನಿ:
ಮಲಗಿ ಮಾಡಿದೆ, ನಿಜವಾಗಿಯೂ ತಾನಾಗಿ ಬಂತು. ಆಮೇಲೆ ಎದ್ದು ನಿಂತು ಅದೇ ಸಾಲನ್ನು ಮೊದಲಿನ ಅರ್ಧದಷ್ಟು ಉಸಿರಿನಲ್ಲಿ ಹಾಡಿದೆ, ಕೊನೆಯ ಪದದವರೆಗೂ ಗಂಟಲು ಬಿಗಿಯಲಿಲ್ಲ. ತಾರಸ್ಥಾಯಿಗೆ, ಅಂದರೆ ಎತ್ತರದ ಸ್ವರಗಳಿಗೆ ಹೋಗುವಾಗ ಮಾತ್ರ ಭುಜ ಇನ್ನೂ ಏಳುತ್ತಿದೆ, ನಾಳೆ ಕನ್ನಡಿ ಮುಂದೆ ನಿಂತು ನೋಡುತ್ತೇನೆ.